ಎಡಿನ್‌ಬರೋದ ಹಳೆಯ ಕಲ್ಲುಕಟ್ಟಡದಲ್ಲಿ ಒಂದು ಮಲಗುವ ಕೋಣೆಯ ಮನೆ: ಆಫರ್ ಕೊಡಬೇಕೆ, ಎಷ್ಟಕ್ಕೆ ಕೊಡಬೇಕು?

ಕುಕ್ಕರಹಳ್ಳಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಹೆಂಡತಿ ಕೆಲಸದ ನಿಮಿತ್ತ ಎಡಿನ್‌ಬರೋಗೆ ಬಂದು ಐದು ವರ್ಷಗಳಾದವು. ಇಷ್ಟು ದಿನ ಬಾಡಿಗೆ ಮನೆಯಲ್ಲಿದ್ದು, ಈಗ ಸ್ವಂತಕ್ಕೊಂದು ಮನೆ ಕೊಳ್ಳಲು ನಿರ್ಧರಿಸಿ ಎರಡು ತಿಂಗಳಿಂದ ಹುಡುಕುತ್ತಿದ್ದೇವೆ. ನೋಡಿದ ಹದಿಮೂರು ಮನೆಗಳಲ್ಲಿ, ಕಳೆದ ಶನಿವಾರ ಮಾರ್ಚ್‌ಮಾಂಟ್ ಬಡಾವಣೆಯಲ್ಲಿ ನೋಡಿದ ಒಂದು ಮನೆ ನಮ್ಮಿಬ್ಬರ ಮನಸ್ಸಿನಿಂದಲೂ ಇಳಿಯುತ್ತಿಲ್ಲ. ಅದಕ್ಕೆ ಆಫರ್ ಕೊಡುವ ಮೊದಲು, ಇಂಥ ಹಳೆಯ ಕಟ್ಟಡಗಳಲ್ಲಿ ಇದ್ದು ಬಲ್ಲವರ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಇರುವುದು 1880ರ ದಶಕದಲ್ಲಿ ಕಟ್ಟಿದ, ನಾಲ್ಕು ಅಂತಸ್ತಿನ ಮರಳುಗಲ್ಲಿನ ಟೆನೆಮೆಂಟಿನಲ್ಲಿ. ಒಂದೇ ಮೆಟ್ಟಿಲಿಗೆ ಎಂಟು ಮನೆಗಳು; ಇದು ಎರಡನೆಯ ಮಹಡಿಯದು. ರಸ್ತೆಯ ಕಡೆಗೆ ಚಾಚಿಕೊಂಡ ದೊಡ್ಡ ಬೇ ಕಿಟಕಿಯಿರುವ ಹಜಾರ, ಆ ಕಿಟಕಿಗಳಿಗೆ ಒಳಗಡೆಯಿಂದ ಮಡಚುವ ಮರದ ಕದಗಳು, ಮೂರು ಮೀಟರಿಗೂ ಎತ್ತರದ ಚಾವಣಿ, ಅದರ ಸುತ್ತ ದ್ರಾಕ್ಷಿಗೊಂಚಲು ಮತ್ತು ಎಲೆಗಳ ಪ್ಲಾಸ್ಟರ್ ಅಂಚು, ನಡುವೆ ದೊಡ್ಡದೊಂದು ಹೂವು, ಎರಕದ ಕಬ್ಬಿಣದ ಅಗ್ಗಿಷ್ಟಿಕೆ. ನೆಲದ ಪೈನ್ ಹಲಗೆಗಳನ್ನು ಉಜ್ಜಿ ಹೊಳಪು ಕೊಟ್ಟಿದ್ದಾರೆ. ಈಗಿನ ಮಾಲೀಕರು ಅಡುಗೆಮನೆಯನ್ನು ಹಜಾರಕ್ಕೇ ತಂದು, ಹಿಂಬದಿಯ ಹಳೆಯ ಅಡುಗೆಮನೆಯನ್ನು ಮಲಗುವ ಕೋಣೆಯಾಗಿ ಮಾಡಿದ್ದಾರೆ. ಅದರ ಕಿಟಕಿಯಿಂದ ಎಂಟೂ ಮನೆಗಳಿಗೆ ಸೇರಿದ ಹಸಿರು ಹಿತ್ತಲು ಕಾಣುತ್ತದೆ. ಕಿಟಕಿಯಿಲ್ಲದ ಒಂದು ಸಣ್ಣ ಉಗ್ರಾಣದ ಕೋಣೆಯೂ ಇದೆ. ಹತ್ತು ನಿಮಿಷ ನಡೆದರೆ ಮೆಡೋಸ್ ಮೈದಾನ, ಅದನ್ನು ದಾಟಿದರೆ ನನ್ನ ಕೆಲಸದ ಜಾಗ. ನನ್ನ ಹೆಂಡತಿ ಆ ಕಿಟಕಿಯ ಬಳಿ ನಿಂತು ಹತ್ತು ನಿಮಿಷ ಮಾತೇ ಆಡಲಿಲ್ಲ.

ಜಾಹೀರಾತಿನಲ್ಲಿ 2.65 ಲಕ್ಷ ಪೌಂಡಿಗೆ ಮೇಲ್ಪಟ್ಟ ಆಫರ್‌ಗಳನ್ನು ಕರೆದಿದ್ದಾರೆ. ಹೋಮ್ ರಿಪೋರ್ಟ್, ಅಂದರೆ ಮಾರುವವರು ಮಾಡಿಸಿದ ಸರ್ವೇ ವರದಿ, ಮನೆಗೆ 2.80 ಲಕ್ಷ ಪೌಂಡ್ ಮೌಲ್ಯ ಕಟ್ಟಿದೆ. ಅದೇ ವರದಿಯಲ್ಲಿ ಮಾಡು, ಮಳೆನೀರಿನ ಕೊಳವೆಗಳು ಮತ್ತು ಹೊರಗೋಡೆಯ ಕಲ್ಲು ಈ ಮೂರಕ್ಕೂ ಎರಡನೆಯ ದರ್ಜೆ ಕೊಟ್ಟಿದ್ದಾರೆ. ಉಳಿದದ್ದೆಲ್ಲ ಒಂದನೆಯ ದರ್ಜೆ. ಕಟ್ಟಡ ನೋಡಿಕೊಳ್ಳುವ ಫ್ಯಾಕ್ಟರ್ ಯಾರೂ ಇಲ್ಲ. ಏಜೆಂಟರು ಫೋನಿನಲ್ಲಿ, ಆಸಕ್ತಿ ತೋರಿಸಿದವರು ಈಗಾಗಲೇ ನಾಲ್ವರಿದ್ದಾರೆ, ಮುಂದಿನ ವಾರ ಕ್ಲೋಸಿಂಗ್ ಡೇಟ್ (ಎಲ್ಲರೂ ಆಫರ್ ಕಳಿಸಬೇಕಾದ ಕೊನೆಯ ದಿನ) ಇಡಬಹುದು ಎಂದರು. 2.90 ಲಕ್ಷ ಕೊಟ್ಟರೆ ಸಿಕ್ಕೀತೆಂದು ನಮ್ಮ ಅಂದಾಜು.

ಇನ್ನೊಂದು ವಿಷಯವೂ ತಲೆಯಲ್ಲಿ ಕೊರೆಯುತ್ತಿದೆ. ಮೈಸೂರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯಿದೆ. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು, ಉಯಿಲು ಬರೆದಿರಲಿಲ್ಲ. ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಿದ್ದೇವೆ. ಅಮ್ಮ, ತಂಗಿ ಮತ್ತು ನಾನು, ಮೂವರೇ ವಾರಸುದಾರರು. ಇಲ್ಲಿ ಮನೆ ಕೊಳ್ಳುವಾಗ ಅದನ್ನು ಹೇಳಬೇಕೇ?

ಮೂರನೆಯ ಮಹಡಿ ಉತ್ತರಿಸಿದ್ದಾರೆ:

ನಮಸ್ಕಾರ ಕುಕ್ಕರಹಳ್ಳಿಯವರೇ. ನಾನು ಬ್ರಂಟ್ಸ್‌ಫೀಲ್ಡಿನಲ್ಲಿ ಇಂಥದ್ದೇ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಆ ಕಿಟಕಿಯ ಬಳಿ ಮಾತು ನಿಲ್ಲುವುದು ಏಕೆಂದು ನನಗೆ ಚೆನ್ನಾಗಿ ಗೊತ್ತು. ಮೊದಲು ಕೊಳ್ಳುವ ಕ್ರಮದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಲಂಡನ್ನಿನಲ್ಲಿರುವ ಸ್ನೇಹಿತರು ಕೊಡುವ ಸಲಹೆಯ ಅರ್ಧದಷ್ಟು ಇಲ್ಲಿಗೆ ಹೊಂದುವುದಿಲ್ಲ.

ಅಲ್ಲಿ ಹಳೆಯ ಮನೆಯನ್ನು ಭಾಗ ಮಾಡಿದ ಫ್ಲ್ಯಾಟುಗಳು ಹೆಚ್ಚಾಗಿ ಲೀಸ್‌ಹೋಲ್ಡ್ ಆಗಿರುತ್ತವೆ. ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ, ನೆಲಬಾಡಿಗೆ ಎಷ್ಟು ಎಂಬುದೇ ಅವರ ಮೊದಲ ಚಿಂತೆ. ಸ್ಕಾಟ್ಲೆಂಡಿನಲ್ಲಿ ವಾಸದ ಮನೆಯನ್ನು ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲೀಸಿಗೆ ಕೊಡುವುದನ್ನು 1974ರ ಕಾಯಿದೆಯೇ ತಡೆದಿದೆ. ಉಳಿದಿದ್ದ ಊಳಿಗಮಾನ್ಯ ಭೂಪದ್ಧತಿಯೂ 2004ರ ನವೆಂಬರ್ 28ರಂದು ಕೊನೆಗೊಂಡಿತು. ಆದ್ದರಿಂದ ನೀವು ಕೊಂಡ ಮನೆ ಪೂರ್ತಿಯಾಗಿ ನಿಮ್ಮದೇ. ಮೇಲೆ ಜಮೀನ್ದಾರನೆಂಬವನು ಇರುವುದಿಲ್ಲ. ಆದರೆ ಅದೇ ಕಾರಣಕ್ಕೆ, ಮಾಡು ಸೋರಿದರೆ ಬರೆದುಕೊಳ್ಳಲು ಜಮೀನ್ದಾರನೂ ಇರುವುದಿಲ್ಲ. ಎಂಟು ಮನೆಯವರು ತಾವೇ ಕುಳಿತು ತೀರ್ಮಾನಿಸಬೇಕು.

ಆಫರ್ ಕೊಡುವುದು ನಿಮ್ಮ ಸಾಲಿಸಿಟರ್, ಅಂದರೆ ವಕೀಲರ, ಮೂಲಕ. ಈಗಲೇ ಅವರಿಂದ ನೋಟ್ ಆಫ್ ಇಂಟರೆಸ್ಟ್ (ನಿಮಗೆ ಆಸಕ್ತಿಯಿದೆ ಎಂಬ ಸೂಚನೆ) ಹಾಕಿಸಿ. ಹಾಗೆ ಹಾಕಿಸಿದವರಿಗೆ ಕ್ಲೋಸಿಂಗ್ ಡೇಟ್ ತಿಳಿಸುವುದು ಇಲ್ಲಿಯ ರೂಢಿ. ಅಂದು ಗೊತ್ತುಮಾಡಿದ ಗಂಟೆಯೊಳಗೆ ಪ್ರತಿಯೊಬ್ಬರೂ ಒಂದೇ ಮೊತ್ತವನ್ನು ಬರೆದು ಕಳಿಸುತ್ತಾರೆ. ಬೇರೆಯವರು ಎಷ್ಟು ಬರೆದರು ಎಂಬುದು ನಿಮಗೆ ತಿಳಿಯುವುದಿಲ್ಲ, ಮತ್ತೆ ಏರಿಸುವ ಅವಕಾಶವೂ ಸಾಮಾನ್ಯವಾಗಿ ಇರುವುದಿಲ್ಲ. ಅತಿ ಹೆಚ್ಚಿನ ಮೊತ್ತವನ್ನೇ ಮಾರುವವರು ಒಪ್ಪಬೇಕೆಂಬ ನಿಯಮವೂ ಇಲ್ಲ. ಸಾಲ ಆಗಲೇ ತಾತ್ವಿಕವಾಗಿ ಮಂಜೂರಾಗಿರುವವರು, ಮಾರುವವರಿಗೆ ಅನುಕೂಲವಾದ ದಿನಕ್ಕೆ ಬೀಗದ ಕೈ ಪಡೆಯಲು ಸಿದ್ಧರಿರುವವರು, ಎರಡು ಸಾವಿರ ಕಡಿಮೆ ಬರೆದೂ ಮನೆ ಪಡೆದದ್ದನ್ನು ನೋಡಿದ್ದೇನೆ. ಒಪ್ಪಿದ ಮೇಲೆ ಎರಡೂ ಕಡೆಯ ಸಾಲಿಸಿಟರ್‌ಗಳ ನಡುವೆ ಮಿಸ್ಸಿವ್ಸ್ ಎಂಬ ಪತ್ರಗಳ ವಿನಿಮಯ ನಡೆಯುತ್ತದೆ. ಅದು ಮುಗಿಯುವವರೆಗೆ ಯಾರನ್ನೂ ಕಾನೂನು ಕಟ್ಟಿಹಾಕುವುದಿಲ್ಲ, ಮುಗಿದ ಮೇಲೆ ಇಬ್ಬರೂ ಹಿಂದೆ ಸರಿಯುವಂತಿಲ್ಲ.

ಹಣದ ಲೆಕ್ಕದಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಬ್ಯಾಂಕಿನವರು ಸಾಲ ಕೊಡುವುದು ಹೋಮ್ ರಿಪೋರ್ಟಿನ ಮೌಲ್ಯದ ಮೇಲೆ, ನೀವು ಬರೆದ ಮೊತ್ತದ ಮೇಲೆ ಅಲ್ಲ. ನೀವು 2.90 ಲಕ್ಷ ಬರೆದು, ಬ್ಯಾಂಕ್ ಶೇಕಡಾ 90ರಷ್ಟು ಕೊಡುತ್ತದೆ ಎಂದಿಟ್ಟುಕೊಳ್ಳಿ. 2.80 ಲಕ್ಷದ ಶೇಕಡಾ 90 ಎಂದರೆ 2.52 ಲಕ್ಷ. ಉಳಿದ 38,000 ಪೌಂಡನ್ನು ನೀವು ಕೈಯಿಂದ ಹಾಕಬೇಕು. 28,000 ಇದ್ದರೆ ಸಾಕೆಂದು ಎಣಿಸಿದವರಿಗೆ ಆ ಹತ್ತು ಸಾವಿರ ಕೊನೆಯ ಗಳಿಗೆಯಲ್ಲಿ ಎದುರಾಗುತ್ತದೆ. ತೆರಿಗೆ, ಸಾಲಿಸಿಟರ್ ಶುಲ್ಕ ಇವೆಲ್ಲ ಅದರ ಮೇಲೆ.

ಗಾರೆಕೆಲಸ ಉತ್ತರಿಸಿದ್ದಾರೆ:

ನಾನು ತೀರ್ಥಹಳ್ಳಿ ಕಡೆಯವನು, ಸಿವಿಲ್ ಎಂಜಿನಿಯರ್. ಹನ್ನೆರಡು ವರ್ಷಗಳಿಂದ ಇಲ್ಲಿ ಹಳೆಯ ಕಲ್ಲುಕಟ್ಟಡಗಳ ದುರಸ್ತಿಯಲ್ಲೇ ಕೆಲಸ ಮಾಡುತ್ತಿದ್ದೇನೆ. ನೀವು ಮನೆಯ ಒಳಗನ್ನು ಬಹಳ ಚೆನ್ನಾಗಿ ವರ್ಣಿಸಿದ್ದೀರಿ. ಆದರೆ ಮೆಟ್ಟಿಲ ಬಗ್ಗೆ ಒಂದು ಮಾತೂ ಇಲ್ಲ. ನೀವು ಕೊಳ್ಳುತ್ತಿರುವುದು ಒಂದು ಮನೆಯನ್ನಷ್ಟೇ ಅಲ್ಲ, ನೂರನಲವತ್ತು ವರ್ಷದ ಕಟ್ಟಡವೊಂದರ ಎಂಟನೆಯ ಒಂದು ಪಾಲಿನ ಹೊಣೆಯನ್ನು. ನಮ್ಮ ಕಡೆಯ ವಠಾರವನ್ನು ಕಲ್ಪಿಸಿಕೊಳ್ಳಿ, ಆದರೆ ವಠಾರದ ಯಜಮಾನ ಇಲ್ಲ, ಬಾಡಿಗೆಗಿದ್ದವರೆಲ್ಲ ತಮ್ಮ ತಮ್ಮ ಭಾಗಕ್ಕೆ ಮಾಲೀಕರಾಗಿದ್ದಾರೆ. ಟೆನೆಮೆಂಟ್ ಎಂದರೆ ಅದು.

ಮಾರ್ಚ್‌ಮಾಂಟ್ ಮೊದಲು ವಾರೆಂಡರ್ ಮನೆತನದ ಜಮೀನಾಗಿತ್ತು. 1870ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಸ್ವಲ್ಪ ಸ್ವಲ್ಪವಾಗಿ ಕಟ್ಟಿದ ಬಡಾವಣೆ ಇದು. ಮೂಲೆಗಳಲ್ಲಿನ ಗೋಪುರಗಳು, ಮೆಟ್ಟಿಲುಮೆಟ್ಟಿಲಾಗಿ ಏರುವ ಗೋಡೆತುದಿಗಳು, ಕೋಟೆಯ ಛಾಯೆ, ಇವೆಲ್ಲ ಸ್ಕಾಟ್ಸ್ ಬರೋನಿಯಲ್ ಎಂಬ ಶೈಲಿಯವು. ನೋಡಲು ಸೊಗಸು, ಆದರೆ ನೀರಿಗೆ ಅಷ್ಟೇ ಮೂಲೆಗಳು. ಗೋಪುರ ಮತ್ತು ಮಾಡು ಸೇರುವ ಸಂದಿನಲ್ಲಿ ಸೀಸದ ತಗಡಿನ ದಂಬೆಗಳಿರುತ್ತವೆ. ಪಾರಿವಾಳದ ಗೂಡೋ ಎಲೆಯೋ ಕಟ್ಟಿಕೊಂಡು ದಂಬೆ ತುಂಬಿದರೆ ನೀರು ಕೆಳಗಿಳಿಯದೆ ಗೋಡೆಯ ತಲೆಗೆ ಹೋಗುತ್ತದೆ. ಅಲ್ಲಿ ಗೋಡೆಯೊಳಗೆ ಹುದುಗಿದ ತೊಲೆಯ ತುದಿಗಳಿರುತ್ತವೆ. ಗಾಳಿಯಾಡದ, ಹಸಿಯಾದ ಆ ಜಾಗದಲ್ಲಿ ಡ್ರೈ ರಾಟ್ ಎಂಬ ಶಿಲೀಂಧ್ರ ಹಿಡಿದರೆ ಅದು ಇಟ್ಟಿಗೆ ಕಲ್ಲುಗಳನ್ನೂ ದಾಟಿ ಒಣಮರವನ್ನು ಹುಡುಕಿಕೊಂಡು ಹೋಗುತ್ತದೆ. ಮನೆಯಲ್ಲಿ ಎಲ್ಲಾದರೂ ಅಣಬೆಯ ವಾಸನೆ ಬಂದರೆ ಅಲ್ಲಿಂದ ಮುಂದೆ ಬೇರೇನನ್ನೂ ನೋಡಬೇಡಿ, ಮೊದಲು ಅದರ ಮೂಲ ಪತ್ತೆಮಾಡಿಸಿ.

ಹೋಮ್ ರಿಪೋರ್ಟ್ 2008ರ ಡಿಸೆಂಬರ್‌ನಿಂದ ಕಡ್ಡಾಯವಾಗಿದೆ, ಒಳ್ಳೆಯ ವ್ಯವಸ್ಥೆ. ಆದರೆ ಅದು ಕಣ್ಣಿಗೆ ಕಾಣುವುದರ ವರದಿ. ಸರ್ವೇಯರ್ ನೆಲಹಲಗೆ ಕೀಳುವುದಿಲ್ಲ, ಸಾಮಾನ್ಯವಾಗಿ ಮಾಡನ್ನು ರಸ್ತೆಯಿಂದಲೇ ನೋಡುತ್ತಾರೆ. ಎರಡನೆಯ ದರ್ಜೆ ಎಂದರೆ ಈಗಲೇ ತುರ್ತಿಲ್ಲ, ಆದರೆ ಮುಂದೆ ದುರಸ್ತಿ ಬೇಕು ಎಂದರ್ಥ. ಮೂರನೆಯ ದರ್ಜೆ ಮಾತ್ರ ತುರ್ತು. ಇಂಥ ಕಟ್ಟಡಗಳಲ್ಲಿ ಮಾಡಿಗೆ ಎರಡನೆಯ ದರ್ಜೆ ಬರುವುದು ಬಹಳ ಸಾಮಾನ್ಯ, ಅದನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಮಾಡು, ಕೊಳವೆ, ಕಲ್ಲು ಮೂರಕ್ಕೂ ಒಟ್ಟಿಗೆ ಬಂದಿರುವಾಗ ನೀರು ಎಲ್ಲೋ ದಾರಿ ತಪ್ಪಿದೆಯೇ ಎಂದು ಕೇಳಲೇಬೇಕಾಗುತ್ತದೆ.

ಇನ್ನು ಕಲ್ಲು. ಈ ಊರಿನ ಮರಳುಗಲ್ಲು ನಮ್ಮ ಕಡೆಯ ಕಣಶಿಲೆಯಂತಲ್ಲ, ಅದು ತೇವವನ್ನು ಒಳಗೆಳೆದುಕೊಂಡು ಹೊರಬಿಡುತ್ತ ಇರುತ್ತದೆ. ಕಟ್ಟಿದವರು ಅದನ್ನು ತಿಳಿದೇ ಸುಣ್ಣದ ಗಾರೆಯನ್ನು ಬಳಸಿದ್ದರು. ನಮ್ಮ ಊರುಗಳಲ್ಲಿ ಬೆಲ್ಲ, ಅಳಲೆಕಾಯಿ ಸೇರಿಸಿ ಅರೆಯುತ್ತಿದ್ದ ಗಾರೆಯನ್ನು ನೆನಪಿಸಿಕೊಳ್ಳಿ, ಗುಣ ಅದರದ್ದೇ. ಗಾರೆ ಕಲ್ಲಿಗಿಂತ ಮೆದುವಾಗಿರುವುದರಿಂದ ತೇವ ಸಂದುಗಳ ಮೂಲಕ ಹೊರಹೋಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಕಡೆ ಆ ಸಂದುಗಳಿಗೆ ಸಿಮೆಂಟ್ ತುಂಬಿಬಿಟ್ಟರು. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ಅದು ತೇವವನ್ನು ಬಿಡುವುದಿಲ್ಲ. ಆಗ ತೇವ ಕಲ್ಲಿನ ಮುಖದಿಂದಲೇ ಹೊರಬರಬೇಕಾಗುತ್ತದೆ, ಚಳಿಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟುತ್ತದೆ, ಕಲ್ಲಿನ ಮುಖ ಹಪ್ಪಳದಂತೆ ಎದ್ದು ಉದುರುತ್ತದೆ. ಸಂದುಗಳು ಉಳಿದು ಕಲ್ಲು ಒಳಗೆ ಸವೆದಿರುವ ಗೋಡೆಯನ್ನು ನೋಡಿದರೆ ಸಿಮೆಂಟಿನ ಕೆಲಸವೆಂದು ತಿಳಿಯಿರಿ. ನೀವು ರಸ್ತೆಯ ಆಚೆ ಬದಿಗೆ ನಿಂತು, ಮುಖ್ಯವಾಗಿ ಬೇ ಕಿಟಕಿಗಳ ಕೆಳಗಿನ ಕಲ್ಲು ಮತ್ತು ಚಿಮಣಿಗಳ ಕೆಳಭಾಗವನ್ನು ದುರ್ಬೀನಿನಿಂದ ನೋಡಿ. ಸಾಧ್ಯವಿದ್ದರೆ ಮಳೆ ಬರುವಾಗಲೇ ಹೋಗಿ. ಸೋರುವ ಕೊಳವೆಯ ಹಿಂದೆ ಗೋಡೆ ಹಸಿರುಗಟ್ಟಿರುತ್ತದೆ.

ಅಡುಗೆಮನೆಯನ್ನು ಸ್ಥಳಾಂತರಿಸಿದ್ದಾರೆ ಎಂದಿದ್ದೀರಿ. ನೋಡಲು ಅಂದವಾಗಿ ಮಾಡಿದ ಮನೆಗಳಲ್ಲಿ ಇದು ಸಾಮಾನ್ಯ ಬದಲಾವಣೆ, ಆದರೆ ಅದಕ್ಕೆ ಕೌನ್ಸಿಲ್‌ನಿಂದ ಬಿಲ್ಡಿಂಗ್ ವಾರಂಟ್ ಎಂಬ ಅನುಮತಿ ಪಡೆದಿದ್ದಾರೆಯೇ, ಕೆಲಸ ಮುಗಿದ ಪ್ರಮಾಣಪತ್ರ ಇದೆಯೇ ಎಂದು ಸಾಲಿಸಿಟರ್ ಮೂಲಕ ಕೇಳಿಸಿ. ನೀರಿನ ಮತ್ತು ಒಳಚರಂಡಿಯ ಕೊಳವೆಗಳನ್ನು ಹಜಾರದವರೆಗೆ ಹೇಗೆ ಎಳೆದರು, ತೊಲೆಗಳನ್ನು ಕೊರೆದರೇ ಎಂಬುದೂ ಮುಖ್ಯ. ಮಹಡಿಗಳ ನಡುವೆ ತೊಲೆಗಳ ಸಂದಿಗೆ ಬೂದಿ, ಕಿಟ್ಟ ಮುಂತಾದವನ್ನು ತುಂಬಿರುತ್ತಾರೆ. ಮಲೆನಾಡಿನ ಮುಚ್ಚಿಗೆ ಮನೆಗಳಲ್ಲಿ ಹಲಗೆಯ ಮೇಲೆ ಮಣ್ಣು ಹಾಸುವುದಿಲ್ಲವೇ, ಹಾಗೆ. ಇಲ್ಲಿ ಅದು ಇರುವುದು ಸದ್ದು ತಡೆಯಲು. ಕೊಳವೆ ಎಳೆಯುವವರು ಅದನ್ನು ತೆಗೆದು ಬಿಸಾಡಿ, ಮೇಲೆ ಜಮಖಾನೆಯೂ ಇಲ್ಲದೆ ಬರಿಯ ಹಲಗೆ ಬಿಟ್ಟಿದ್ದರೆ, ನಿಮ್ಮ ಕೆಳಗಿನವರಿಗೆ ನಿಮ್ಮ ಪ್ರತಿಯೊಂದು ಹೆಜ್ಜೆಯೂ ಕೇಳಿಸುತ್ತದೆ. ಮೇಲಿನ ಮನೆಯವರೂ ಹೀಗೆಯೇ ಮಾಡಿದ್ದರೆ ಅವರ ಹೆಜ್ಜೆ ನಿಮಗೆ. ಆದ್ದರಿಂದ ಸಂಜೆ ಏಳರ ಹೊತ್ತಿಗೆ, ಎಲ್ಲರೂ ಮನೆಯಲ್ಲಿರುವಾಗ, ಇನ್ನೊಮ್ಮೆ ನೋಡಲು ಅವಕಾಶ ಕೇಳಿ.

ಆ ದಿನ ಮನೆಯೊಳಗೆ ಹೋಗುವ ಮೊದಲು ಮೆಟ್ಟಿಲನ್ನು ಕೊನೆಯವರೆಗೆ ಹತ್ತಿ. ತುದಿಯಲ್ಲಿ ಗಾಜಿನ ಬೆಳಕಿಂಡಿ ಇರುತ್ತದೆ. ಅದರ ಸುತ್ತ ಪ್ಲಾಸ್ಟರ್ ಉಬ್ಬಿದೆಯೇ, ಕಂದು ಕಲೆ ಇದೆಯೇ, ಗೋಡೆಯಲ್ಲಿ ಉಪ್ಪು ಎದ್ದಿದೆಯೇ ನೋಡಿ. ಮೆಟ್ಟಿಲನ್ನು ಯಾರಾದರೂ ಗುಡಿಸುತ್ತಾರೆಯೇ, ಹೆಸರಿನ ಫಲಕಗಳು ಇವೆಯೇ, ಹಿತ್ತಲಲ್ಲಿ ಬಟ್ಟೆ ಒಣಗುತ್ತಿದೆಯೇ ಎಂಬುದನ್ನೂ ಗಮನಿಸಿ. ಮೆಟ್ಟಿಲನ್ನು ಜತನವಾಗಿ ಇಟ್ಟುಕೊಂಡವರು ಮಾಡಿನ ವಿಷಯಕ್ಕೂ ಮಾತಿಗೆ ಸಿಗುತ್ತಾರೆ ಎಂಬುದು ನನ್ನ ಅನುಭವ.

ಲೀತ್ ದಂಡೆ ಉತ್ತರಿಸಿದ್ದಾರೆ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾವು ಮೂರು ವರ್ಷ ಟೆನೆಮೆಂಟಿನಲ್ಲಿ ಬಾಡಿಗೆಗಿದ್ದು, ಆಮೇಲೆ ಲೀತ್ ಬಂದರಿನ ಹತ್ತಿರ ಹೊಸ ಕಟ್ಟಡದಲ್ಲಿ ಮನೆ ಕೊಂಡೆವು. ಕಾರಣ ಚಳಿಯಲ್ಲ, ಮೆಟ್ಟಿಲು. ನಮ್ಮ ಅತ್ತೆಯವರು ಸಂದರ್ಶಕರ ವೀಸಾದಲ್ಲಿ ಬಂದು ಆರು ತಿಂಗಳು ಇದ್ದರು. ಮಂಡಿನೋವಿದ್ದ ಅವರಿಗೆ ಆ ಕಲ್ಲಿನ ಸುತ್ತುಮೆಟ್ಟಿಲನ್ನು ದಿನಕ್ಕೊಮ್ಮೆ ಇಳಿದು ಹತ್ತುವುದೇ ಕಷ್ಟವಾಗಿ, ಕೊನೆಯ ಎರಡು ತಿಂಗಳು ಮನೆಯೊಳಗೇ ಉಳಿದುಬಿಟ್ಟರು. ಅದನ್ನು ನೋಡಿದ ನೋವು ಇನ್ನೂ ಇದೆ. ನಿಮ್ಮ ತಾಯಿಯವರು ಮೈಸೂರಿನಲ್ಲಿ ಒಬ್ಬರೇ ಇದ್ದಾರೆಂದು ನಿಮ್ಮ ಬರಹದಿಂದ ತೋರುತ್ತದೆ. ಅವರು ಬಂದರೆ ಮಲಗುವುದು ಎಲ್ಲಿ? ಕಿಟಕಿಯಿಲ್ಲದ ಆ ಸಣ್ಣ ಕೋಣೆಯಲ್ಲಿ ಪುಸ್ತಕ, ಮೇಜು ಇಟ್ಟುಕೊಳ್ಳಬಹುದು. ಅಮ್ಮನನ್ನು ಮಲಗಿಸಲು ಮನಸ್ಸು ಬರುವುದಿಲ್ಲ. ಹಜಾರದಲ್ಲಿ ಈಗ ಅಡುಗೆಮನೆಯೂ ಇದೆ. ಒಂದೇ ಮಲಗುವ ಕೋಣೆಯ ಮನೆಗೆ ಇಷ್ಟು ದೊಡ್ಡ ಮೊತ್ತ ಹಾಕುವ ಮೊದಲು ಇದನ್ನು ಇಬ್ಬರೂ ಕುಳಿತು ಮಾತಾಡಿ.

ಲೆಕ್ಕಪತ್ರ ಉತ್ತರಿಸಿದ್ದಾರೆ:

ಮೈಸೂರಿನ ಮನೆಯ ಬಗ್ಗೆ ಕೇಳಿದ್ದೀರಿ. ಹೇಳಲೇಬೇಕು, ಅದೂ ಆಫರ್ ಕೊಡುವ ಮೊದಲೇ, ಬರವಣಿಗೆಯಲ್ಲಿ, ನಿಮ್ಮ ಸಾಲಿಸಿಟರ್‌ಗೆ. ನಮ್ಮವರಲ್ಲಿ ಅನೇಕರು ಇದನ್ನು ಊರಿನ ವಿಷಯವೆಂದು ಬಿಟ್ಟುಬಿಡುತ್ತಾರೆ.

ಖಾತೆ ಅಮ್ಮನ ಹೆಸರಿಗೆ ಆಗಿದೆ ಎಂಬುದರಿಂದ ನಿಮ್ಮ ಪಾಲು ಇಲ್ಲವಾಗುವುದಿಲ್ಲ. ಖಾತೆ ಕಂದಾಯದ ದಾಖಲೆ, ಹಕ್ಕುಪತ್ರವಲ್ಲ. ಮನೆ ನಿಮ್ಮ ತಂದೆಯವರ ಸ್ವಯಾರ್ಜಿತವಾಗಿದ್ದು, ಉಯಿಲು ಇಲ್ಲದೆ ಅವರು ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವರ ಹೆಂಡತಿ, ಮಗ, ಮಗಳು ಸಮಪಾಲಿಗೆ ಹಕ್ಕುದಾರರು. ತಂದೆಯವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಅಂದರೆ ನಾಲ್ಕು ವರ್ಷಗಳಿಂದ ನೀವು ಆ ಮನೆಯ ಮೂರನೆಯ ಒಂದು ಭಾಗದ ಒಡೆಯರು.

ಇದರ ಪರಿಣಾಮ ಇಲ್ಲಿ ಎರಡು ಕಡೆ. ಸ್ಕಾಟ್ಲೆಂಡಿನಲ್ಲಿ ಮನೆ ಕೊಳ್ಳುವವರು ಕಟ್ಟುವ ಎಲ್‌ಬಿಟಿಟಿ ತೆರಿಗೆಯಲ್ಲಿ 1.45 ಲಕ್ಷ ಪೌಂಡಿನವರೆಗೆ ಏನೂ ಇಲ್ಲ, ಅಲ್ಲಿಂದ 2.50 ಲಕ್ಷದವರೆಗಿನ ಭಾಗಕ್ಕೆ ಶೇಕಡಾ 2, ಅಲ್ಲಿಂದ 3.25 ಲಕ್ಷದವರೆಗೆ ಶೇಕಡಾ 5. 2.90 ಲಕ್ಷಕ್ಕೆ 2,100 ಮತ್ತು 2,000 ಸೇರಿ 4,100 ಪೌಂಡ್ ಆಗುತ್ತದೆ. ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ 1.75 ಲಕ್ಷದವರೆಗೆ ವಿನಾಯಿತಿ ಇರುವುದರಿಂದ ಅವರಿಗೆ 600 ಪೌಂಡ್ ಉಳಿಯುತ್ತದೆ. ಆದರೆ ಜಗತ್ತಿನ ಯಾವುದೇ ಊರಿನಲ್ಲಿ ಮನೆಯ ಒಡೆತನ ಹೊಂದಿದ್ದವರು ಮೊದಲ ಬಾರಿಯವರು ಎನಿಸಿಕೊಳ್ಳುವುದಿಲ್ಲ. 600 ಪೌಂಡ್ ದೊಡ್ಡದಲ್ಲ, ಹೋಗಲಿ ಎನ್ನೋಣ.

ದೊಡ್ಡದು ಎರಡನೆಯದು. ಬೇರೊಂದು ಮನೆ ಇಟ್ಟುಕೊಂಡು ಇನ್ನೊಂದನ್ನು ಕೊಳ್ಳುವವರಿಗೆ ಹೆಚ್ಚುವರಿ ಮನೆಯ ತೆರಿಗೆ ಬೀಳುತ್ತದೆ, 2024ರ ಡಿಸೆಂಬರ್ 5ರಿಂದ ಅದು ಶೇಕಡಾ 8. ಒಂದೊಂದು ಹಂತಕ್ಕಲ್ಲ, ಪೂರ್ತಿ ಬೆಲೆಯ ಮೇಲೆ. 2.90 ಲಕ್ಷಕ್ಕೆ 23,200 ಪೌಂಡ್. ಇದಕ್ಕೂ ಮನೆ ಯಾವ ದೇಶದಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಆ ಬೇರೆ ಮನೆಯ ಬೆಲೆಗೆ 40,000 ಪೌಂಡ್ ಎಂಬ ಮಿತಿಯೊಂದಿದೆ, ಅದಕ್ಕಿಂತ ಕಡಿಮೆಯಿದ್ದರೆ ಈ ತೆರಿಗೆ ಬೀಳುವುದಿಲ್ಲ. ಗಂಡಹೆಂಡಿರಲ್ಲಿ ಒಬ್ಬರಿಗೆ ಬೇರೆ ಮನೆ ಇದ್ದರೂ ಇಬ್ಬರಿಗೂ ಅನ್ವಯಿಸುತ್ತದೆ, ಆದ್ದರಿಂದ ಹೆಂಡತಿಯ ಹೆಸರಿನಲ್ಲಿ ಮಾತ್ರ ಕೊಂಡರೆ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೈಸೂರಿನ ಮನೆಗೆ ಸರ್ಕಾರದ ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಇಂದಿನ ಬೆಲೆಯ ಪ್ರಮಾಣಪತ್ರ ತರಿಸಿ. ನಿಮ್ಮ ಪಾಲನ್ನು ಆ ಮಿತಿಯ ಎದುರು ಹೇಗೆ ಎಣಿಸಬೇಕೆಂಬುದನ್ನು ಸಾಲಿಸಿಟರ್ ಲಿಖಿತವಾಗಿ ತಿಳಿಸಲಿ.

ತೆರಿಗೆ ಉಳಿಸಲು ಅವಸರದಲ್ಲಿ ಅಮ್ಮನ ಪರವಾಗಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಬಿಡುವ ಯೋಚನೆ ಬರಬಹುದು. ಅಮ್ಮ, ತಂಗಿಯ ಜೊತೆ ಮೊದಲೇ ಹಾಗೆ ಮಾತಾಗಿದ್ದರೆ ಮಾಡಿ. ಕ್ಲೋಸಿಂಗ್ ಡೇಟ್ ಮುಂದಿನ ವಾರ ಇದೆ ಎಂಬ ಕಾರಣಕ್ಕೆ ಮಾಡಬೇಡಿ. ಮನೆತನದ ಆಸ್ತಿಯ ತೀರ್ಮಾನಕ್ಕೆ ಅಷ್ಟು ಸಣ್ಣ ಗಡುವು ತಕ್ಕದ್ದಲ್ಲ.

ಅಮ್ಮ ಹಣ ಕಳಿಸುವುದಿದ್ದರೆ, ಭಾರತದ ನಿವಾಸಿಗಳು ಉದಾರೀಕೃತ ರವಾನೆ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕ್ ಶೇಕಡಾ 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಅದನ್ನು ಅಮ್ಮ ತಮ್ಮ ಆದಾಯ ತೆರಿಗೆ ವಿವರದಲ್ಲಿ ತೋರಿಸಿ ಹಿಂಪಡೆಯಬಹುದು. ಹಣ ಎಲ್ಲಿಂದ ಬಂತೆಂದು ಇಲ್ಲಿಯ ಸಾಲಿಸಿಟರ್ ಮತ್ತು ಬ್ಯಾಂಕ್ ಇಬ್ಬರೂ ಕೇಳುತ್ತಾರೆ, ಪಾಸ್‌ಬುಕ್ಕಿನ ಪ್ರತಿಗಳನ್ನು ಈಗಲೇ ತೆಗೆದಿಡಿ.

ಕುಕ್ಕರಹಳ್ಳಿ ಉತ್ತರಿಸಿದ್ದಾರೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ನಿನ್ನೆ ಸಂಜೆ ಮತ್ತೊಮ್ಮೆ ಹೋಗಿ ಬಂದೆವು. ಅದೃಷ್ಟಕ್ಕೆ ಮಧ್ಯಾಹ್ನದಿಂದಲೂ ಮಳೆ ಹಿಡಿದಿತ್ತು.

ಗಾರೆಕೆಲಸದವರೇ, ಮೊದಲು ಮೆಟ್ಟಿಲನ್ನು ತುದಿಯವರೆಗೆ ಹತ್ತಿದೆವು. ಬೆಳಕಿಂಡಿಯ ಒಂದು ಬದಿಯಲ್ಲಿ ಪ್ಲಾಸ್ಟರ್ ಉಬ್ಬಿ, ಅಂಗೈ ಅಗಲದಷ್ಟು ಉದುರಿದೆ. ಕೆಳಗೆ ಯಾರೋ ಬಕೆಟ್ ಇಟ್ಟಿದ್ದರು. ನಾವು ಅದನ್ನು ನೋಡುತ್ತ ನಿಂತಿದ್ದಾಗ ಎದುರಿನ ಬಾಗಿಲು ತೆರೆದು ವಯಸ್ಸಾದ ಮಹಿಳೆಯೊಬ್ಬರು ಹೊರಬಂದರು. ಮೂವತ್ತು ವರ್ಷಗಳಿಂದ ಅಲ್ಲಿದ್ದಾರಂತೆ. ಮಾಡಿನ ದುರಸ್ತಿಗೆ ಕಳೆದ ಚಳಿಗಾಲದಲ್ಲಿ ಅವರೇ ಇಬ್ಬರಿಂದ ಅಂದಾಜುಪಟ್ಟಿ ತರಿಸಿದ್ದರು. ಐದು ಮನೆಯವರು ಒಪ್ಪಿದ್ದಾರೆ, ಇಬ್ಬರು ಬಾಡಿಗೆಗೆ ಕೊಟ್ಟ ಮಾಲೀಕರು ಉತ್ತರಿಸಿಲ್ಲ, ನಾವು ಕೊಳ್ಳಬೇಕೆಂದಿರುವ ಮನೆಯವರು ಮಾರುವವರಿದ್ದಾರೆಂದು ಸುಮ್ಮನಿದ್ದಾರೆ. ಕಡಿಮೆ ಅಂದಾಜು ಎಂಟು ಮನೆಗೂ ಸೇರಿ 36,000 ಪೌಂಡ್. ಅವರು ಇದನ್ನು ಹೇಳುವಾಗ ದೂರಿನ ಧಾಟಿ ಇರಲಿಲ್ಲ, ನಮ್ಮನ್ನು ಒಳಗೆ ಕರೆದು ಚಹಾ ಕೊಟ್ಟರು.

ಮನೆಯೊಳಗೆ ಅಣಬೆಯ ವಾಸನೆ ಇಲ್ಲ, ಗೋಡೆಗಳು ಒಣಗಿವೆ. ಮೇಲಿನವರ ಹೆಜ್ಜೆ ಕೇಳಿಸಿತು, ಆದರೆ ತಡೆಯಬಹುದಾದಷ್ಟು. ಅಡುಗೆಮನೆಯ ಬದಲಾವಣೆಗೆ ವಾರಂಟ್ ಮತ್ತು ಮುಗಿದ ಪ್ರಮಾಣಪತ್ರ ಎರಡೂ ಇವೆಯೆಂದು ಸಾಲಿಸಿಟರ್‌ಗೆ ಉತ್ತರ ಬಂದಿದೆ. ಮೈಸೂರಿನ ಮನೆಯ ಬೆಲೆಗೆ ತಂಗಿ ಮೌಲ್ಯಮಾಪಕರನ್ನು ಕರೆಸುತ್ತಿದ್ದಾಳೆ.

ಲೀತ್ ದಂಡೆಯವರೇ, ನಿಮ್ಮ ಮಾತನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಬರುವುದಾದರೆ ಬೇಸಿಗೆಯಲ್ಲಿ ಎರಡು ತಿಂಗಳು, ಹಜಾರದ ಕಿಟಕಿಯ ಬಳಿ ಮಂಚ ಹಾಕಿಕೊಡು ಸಾಕು, ಎಂದರು. ಮೆಟ್ಟಿಲಿನ ವಿಷಯಕ್ಕೆ ನನ್ನಲ್ಲೂ ಸರಿಯಾದ ಉತ್ತರವಿಲ್ಲ.

36,000ದಲ್ಲಿ ನಮ್ಮ ಪಾಲು 4,500 ಎಂದು ಹಿಡಿದು ಆಫರ್ ಇಳಿಸಬೇಕೇ? ಉತ್ತರಿಸದ ಮಾಲೀಕರ ಪಾಲು ನಮ್ಮ ತಲೆಗೆ ಬಂದೀತೇ?

ಮೂರನೆಯ ಮಹಡಿ ಉತ್ತರಿಸಿದ್ದಾರೆ:

ಬಕೆಟ್ ಇಟ್ಟವರೇ ಬಾಗಿಲು ತೆರೆದು ಮಾತಾಡಿದರಲ್ಲ, ಅದು ಹೋಮ್ ರಿಪೋರ್ಟಿನಲ್ಲಿ ಸಿಗದ ಮಾಹಿತಿ.

ನಿಮ್ಮ ಪ್ರಶ್ನೆಗೆ ಉತ್ತರ ಮೊದಲು ನಿಮ್ಮ ಹಕ್ಕುಪತ್ರದಲ್ಲಿದೆ. ಮಾಡಿನ ಖರ್ಚು ಯಾರು ಎಷ್ಟು ಕೊಡಬೇಕೆಂದು ಅದರಲ್ಲಿ ಬರೆದಿದ್ದರೆ ಅದೇ ನಡೆಯುತ್ತದೆ. ಬರೆದಿಲ್ಲದಿದ್ದರೆ 2004ರ ಟೆನೆಮೆಂಟ್ ಕಾಯಿದೆಯ ನಿಯಮ ಅನ್ವಯಿಸುತ್ತದೆ. ಅದರಂತೆ ಮಾಡು, ಹೊರಗೋಡೆ, ತಳಪಾಯ ಇವುಗಳ ದುರಸ್ತಿಯನ್ನು ಬಹುಮತದಿಂದ ತೀರ್ಮಾನಿಸಬಹುದು. ಎಂಟರಲ್ಲಿ ಐವರು ಒಪ್ಪಿದರೆ ಉಳಿದವರೂ ಕೊಡಲು ಬದ್ಧರು. ಪಾಲು ಸಮಸಮ. ಆದರೆ ಅತಿ ದೊಡ್ಡ ಮನೆ ಅತಿ ಸಣ್ಣ ಮನೆಯ ಒಂದೂವರೆ ಪಟ್ಟಿಗಿಂತ ದೊಡ್ಡದಾಗಿದ್ದರೆ ನೆಲದ ಅಳತೆಯ ಪ್ರಕಾರ ಹಂಚಬೇಕು. ನಿಮ್ಮದು ಸಣ್ಣ ಮನೆಯಾದ್ದರಿಂದ 4,500ಕ್ಕಿಂತ ಕಡಿಮೆಯೇ ಆಗಬಹುದು. ಸರಿಯಾಗಿ ಸಭೆ ಕರೆದು ಈ ತೀರ್ಮಾನ ಆಗಿದೆಯೇ ಅಥವಾ ಬರಿಯ ಮಾತಾಗಿದೆಯೇ ಎಂಬುದನ್ನು ತಿಳಿದುಕೊಳ್ಳಿ. ಹಣ ಕೊಡದ ಮಾಲೀಕರ ಪಾಲನ್ನು ತಾನು ಕೊಟ್ಟು ಅವರಿಂದ ವಸೂಲಿ ಮಾಡುವ ವ್ಯವಸ್ಥೆ ಕೌನ್ಸಿಲ್‌ನಲ್ಲಿದೆ, ಅದಕ್ಕೆ ಕಾಗದಪತ್ರ ಕ್ರಮವಾಗಿರಬೇಕು.

ನೀವು ಕೊಳ್ಳುವ ಮೊದಲೇ ನಡೆದುಹೋದ ಕೆಲಸದ ಹಳೆಯ ಬಾಕಿ ಇದ್ದರೆ, ಆ ಬಗ್ಗೆ ಭೂನೋಂದಣಿಯಲ್ಲಿ ಕನಿಷ್ಠ 14 ದಿನ ಮೊದಲು ನೋಟಿಸ್ ದಾಖಲಾಗಿದ್ದರೆ ಮಾತ್ರ ಅದು ಹೊಸ ಮಾಲೀಕರನ್ನು ಹಿಡಿಯುತ್ತದೆ. ಸಾಲಿಸಿಟರ್ ಅದನ್ನು ಹುಡುಕಿ ನೋಡಲಿ.

ಗಾರೆಕೆಲಸ ಉತ್ತರಿಸಿದ್ದಾರೆ:

ಆಫರ್ ಇಳಿಸುವುದಕ್ಕಿಂತ, ಮಾಡಿನ ಪಾಲಿನಷ್ಟು ಹಣವನ್ನು ಮಾರುವವರ ಮೊತ್ತದಿಂದ ಸಾಲಿಸಿಟರ್ ಬಳಿ ತಡೆಹಿಡಿಯಬೇಕೆಂಬ ಷರತ್ತು ಹಾಕಿಸಿ. ಬೆಲೆ ಇಳಿಸಿದರೆ ಉಳಿದ ನಾಲ್ವರ ಎದುರು ಹಿಂದೆ ಬೀಳುತ್ತೀರಿ. ಷರತ್ತಿನ ಹಿಂದೆ ಇರುವುದು ಎಲ್ಲರಿಗೂ ಕಾಣುವ ಬಕೆಟ್ ಮತ್ತು ಅಂದಾಜುಪಟ್ಟಿ. ಆ ಎರಡು ಪಟ್ಟಿಗಳನ್ನು ಆ ಅಮ್ಮನವರಿಂದ ಕೇಳಿ ನನಗೆ ಕಳಿಸಿ. ಬೆಳಕಿಂಡಿಯ ಸೀಸದ ಕೆಲಸ ಅದರಲ್ಲಿ ಸೇರಿದೆಯೇ, ಸಂದುಗಳಿಗೆ ಸುಣ್ಣದ ಗಾರೆ ಎಂದು ಬರೆದಿದ್ದಾರೆಯೇ ಎಂದು ನೋಡಿ ಹೇಳುತ್ತೇನೆ. ಸಿಮೆಂಟ್ ಎಂದಿದ್ದರೆ ನೀವು ಮಾಲೀಕರಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಅದನ್ನು ನಿಲ್ಲಿಸುವುದು.

ಕುಕ್ಕರಹಳ್ಳಿ ಉತ್ತರಿಸಿದ್ದಾರೆ:

ಪಟ್ಟಿಗಳನ್ನು ಕಳಿಸಿದ್ದೇನೆ. ಕ್ಲೋಸಿಂಗ್ ಡೇಟ್ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ನಿಗದಿಯಾಗಿದೆ. ಕೈಯಲ್ಲಿರುವ ಹಣ ಮತ್ತು ಹೆಚ್ಚುವರಿ ತೆರಿಗೆ ಬಿದ್ದರೂ ನಿಭಾಯಿಸಬಹುದಾದ ಮಿತಿ ಎರಡನ್ನೂ ಹಿಡಿದು ಇಬ್ಬರೂ 2.86 ಲಕ್ಷಕ್ಕೆ ನಿಲ್ಲಿಸಿದ್ದೇವೆ. ಅದಕ್ಕಿಂತ ಒಂದು ಪೌಂಡ್ ಹೆಚ್ಚಿಲ್ಲ. ಮಾಡಿನ ಷರತ್ತನ್ನು ಸಾಲಿಸಿಟರ್ ಸೇರಿಸುತ್ತಿದ್ದಾರೆ. ಮೈಸೂರಿನ ಮೌಲ್ಯಪತ್ರ ಬುಧವಾರ ಸಂಜೆಯೊಳಗೆ ಕೈಸೇರದಿದ್ದರೆ ನಾವು ಆಫರ್ ಕಳಿಸುವುದಿಲ್ಲ.